ಸ್ಕಾಲರ್‌ಶಿಪ್ ಕೊಡೋಣವೋ, ಇಂಟರ್ನ್‌ಶಿಪ್ ಖರ್ಚು ಕೊಡೋಣವೋ? ನಮ್ಮ ಬ್ಯಾಚಿಗೆ ಸಲಹೆ ಬೇಕು

ಹಳೇಬ್ಯಾಚ್_2006
ಎಲ್ಲರಿಗೂ ನಮಸ್ಕಾರ. ನಾವು ಉತ್ತರ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 2006ರಲ್ಲಿ ಓದು ಮುಗಿಸಿದವರು. ಈ ವರ್ಷ 11 ಜನ ಸೇರಿ 4 ಲಕ್ಷ ರೂಪಾಯಿ ಕೂಡಿಸಿದ್ದೇವೆ, ಪ್ರತಿ ವರ್ಷ ಇಷ್ಟು ಹಾಕೋಣ ಎಂದು ಮಾತಾಗಿದೆ. ಅದೇ ಕಾಲೇಜಿನ ಮಕ್ಕಳಿಗೆ ಹೋಗಬೇಕು, ಅಷ್ಟೇ ಆಸೆ.

ಹೇಗೆ ಕೊಡುವುದು ಅನ್ನೋದರಲ್ಲಿ ನಮ್ಮಲ್ಲೇ ಎರಡು ಮಾತು. ಅರ್ಧ ಜನ, ಜಾಸ್ತಿ ಅಂಕ ತೆಗೆದ 20 ಮಕ್ಕಳಿಗೆ ತಲಾ 20,000 ಕೊಡೋಣ ಅನ್ನುತ್ತಾರೆ. ಇನ್ನರ್ಧ ಜನ, ಕೊನೆಯ ವರ್ಷ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗುವವರ ಖರ್ಚು ನೋಡಿಕೊಳ್ಳೋಣ ಅನ್ನುತ್ತಾರೆ. ನಾನು ಓದುವಾಗ ನನ್ನ ಮೆಸ್ ಬಿಲ್ ಎರಡು ವರ್ಷ ಕಟ್ಟಿದವರು ನಮ್ಮೂರಿನ ಅಡತಿ ಅಂಗಡಿಯ ಸಾಹುಕಾರರು. ಅಂಕಪಟ್ಟಿ ಒಮ್ಮೆಯೂ ಕೇಳಲಿಲ್ಲ. ಊರಿಗೆ ಹೋದಾಗ "ಊಟ ಸರಿ ಐತೇನಪ್ಪ" ಎಂದು ಕೇಳುತ್ತಿದ್ದರು. ಹಾಗಾಗಿ ಅಂಕ ನೋಡಿ ಕೊಡೋದು ಯಾಕೋ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಒಬ್ಬ ಜರ್ಮನಿಯಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟೇ ಇದೆ. ಇನ್ನೊಬ್ಬಳು ಅಮೆರಿಕದ ಪೌರತ್ವ ತಗೊಂಡಿದ್ದಾಳೆ. ಇವರಿಂದ ದುಡ್ಡು ತರಿಸಿಕೊಳ್ಳಲು ಏನಾದರೂ ತೊಡಕು ಇದೆಯಾ?

ತುಂಗೆಯ_ತೀರ
ಸರ್, ನಾನು ಹೋದ ವರ್ಷ ಪಾಸಾದವಳು. ಇಂಟರ್ನ್‌ಶಿಪ್‌ಗೇ ಕೊಡಿ. ಯಾಕೆ ಅಂತ ನನ್ನದೇ ಕಥೆ ಹೇಳುತ್ತೇನೆ.

ನನಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಸ್ಟೈಪೆಂಡ್ ತಿಂಗಳಿಗೆ 12,000. ಕೇಳಿದವರೆಲ್ಲ ಇನ್ನೇನು ಬೇಕು ಅಂದರು. ಆದರೆ ಮೊದಲ ಸ್ಟೈಪೆಂಡ್ ಬಂದಿದ್ದು ಸೇರಿದ 40 ದಿನದ ಮೇಲೆ. ಅದಕ್ಕೂ ಮೊದಲೇ ಪಿಜಿ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಬಸ್ ಪಾಸ್, ಎರಡು ಜೊತೆ ಬಟ್ಟೆ, ರಿಪೇರಿಗೆ ಹೋಗಿದ್ದ ಲ್ಯಾಪ್‌ಟಾಪ್, ಎಲ್ಲಾ ಸೇರಿ 22,000 ಕೈಯಲ್ಲಿ ಇರಬೇಕಿತ್ತು. ಅಪ್ಪ ಅಡಿಕೆ ತೋಟದಲ್ಲಿ ಕೂಲಿ. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕಳಿಸಿದರು. ಅದನ್ನು ತೀರಿಸುವ ಹೊತ್ತಿಗೆ ನನ್ನ ಇಂಟರ್ನ್‌ಶಿಪ್ಪೇ ಮುಗಿದಿತ್ತು.

ನನ್ನ ರೂಮ್‌ಮೇಟ್‌ಗೂ ಅಂಥದ್ದೇ ಅವಕಾಶ ಬಂದಿತ್ತು. ಅವಳ ಮನೆಯಲ್ಲಿ ಸಾಲ ಹುಟ್ಟಲಿಲ್ಲ, ಹೋಗಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಕೊಡುವ ಒಂದು ಸಂಸ್ಥೆಗೆ ತಾನೇ 6,000 ಕಟ್ಟಿ, ಮನೆಯಲ್ಲಿ ಕೂತು ವಿಡಿಯೋ ನೋಡಿ ಇಂಟರ್ನ್‌ಶಿಪ್ ಮುಗಿಸಿದಳು. ನನಗಿಂತ ಚೆನ್ನಾಗಿ ಕೋಡ್ ಬರೆಯುವವಳು ಅವಳು. ನನಗೆ ಅದೇ ಕಂಪನಿಯಲ್ಲಿ ಕೆಲಸ ಆಯ್ತು. ಅವಳು ಇನ್ನೂ ಹುಡುಕುತ್ತಿದ್ದಾಳೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಆ 22,000 ಮಾತ್ರ ಸರ್.

ಪಾಠದ_ಮೇಷ್ಟ್ರು
ನಾನು 17 ವರ್ಷದಿಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಮೇಲಿನ ಹುಡುಗಿ ಹೇಳಿದ್ದು ಅಕ್ಷರಶಃ ನಿಜ, ಪ್ರತಿ ವರ್ಷ ನೋಡುತ್ತೇನೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಬೆಂಗಳೂರಿನಲ್ಲಿ ಮನೆ ಇರುವ ಮಕ್ಕಳಿಗೆ ಅದು ಸಲೀಸು. ಹಾವೇರಿ, ಕೊಪ್ಪಳದ ಹಳ್ಳಿಯಿಂದ ಬಂದವರಿಗೆ ಅದೇ ದೊಡ್ಡ ಖರ್ಚು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರಲ್ಲ ಎಂದು ಯಾರೋ ಕೇಳಬಹುದು. 2024ರಲ್ಲಿ ಅದು ಶುರುವಾದದ್ದು ಪೂರ್ಣಾವಧಿ ಓದುತ್ತಿರುವವರಿಗಲ್ಲ, ಓದು ಮುಗಿಸಿದವರಿಗೆ.

ನೀವು ಗಮನಿಸಬೇಕಾದ್ದು ಇನ್ನೊಂದಿದೆ. ದೊಡ್ಡ ದೊಡ್ಡ ಸ್ಕಾಲರ್‌ಶಿಪ್‌ಗಳ ಬಾಗಿಲು ಹೆಚ್ಚಾಗಿ ಮೊದಲ ವರ್ಷಕ್ಕೇ ತೆರೆಯುತ್ತದೆ. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಇನ್ಫೋಸಿಸ್ ಫೌಂಡೇಶನ್‌ನ ಸ್ಟೆಮ್ ಸ್ಟಾರ್ಸ್ ಸ್ಕಾಲರ್‌ಶಿಪ್‌ನಲ್ಲಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ವಿದ್ಯಾಧನ ಸ್ಕಾಲರ್‌ಶಿಪ್‌ನವರು ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಮಕ್ಕಳನ್ನು ಹುಡುಕಿ ಡಿಗ್ರಿವರೆಗೂ ಕೈ ಹಿಡಿಯುತ್ತಾರೆ. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ಐದನೇ ಸೆಮಿಸ್ಟರ್‌ನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಹುಡುಗ ಎಲ್ಲಿಗೆ ಹೋಗಬೇಕು? ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು? ನಿಮ್ಮ 4 ಲಕ್ಷ ಇಂಥವರಿಗೆ ಸಿಕ್ಕರೆ ಅದಕ್ಕೆ ತುಂಬಾ ಬೆಲೆ.

ಆಯ್ಕೆಗೆ ಪರೀಕ್ಷೆ, ಪ್ರಬಂಧ ಎಲ್ಲಾ ಇಡಬೇಡಿ. ಹಾಸ್ಟೆಲ್ ವಾರ್ಡನ್ನು, ಮೆಸ್ ಮ್ಯಾನೇಜರ್, ಫೀಸ್ ಕೌಂಟರ್‌ನಲ್ಲಿ ಕೂರುವ ಗುಮಾಸ್ತೆ, ಈ ಮೂವರನ್ನು ಕೇಳಿ. ಯಾರು ರಾತ್ರಿ ಊಟ ಬಿಡುತ್ತಿದ್ದಾರೆ, ಯಾರು ಪರೀಕ್ಷೆ ಫೀಸಿಗೆ ಕೊನೇ ದಿನದವರೆಗೂ ಒದ್ದಾಡುತ್ತಾರೆ, ಅವರಿಗೆ ಗೊತ್ತಿರುತ್ತದೆ. ದಯವಿಟ್ಟು ವೇದಿಕೆ ಮೇಲೆ ದೊಡ್ಡ ಚೆಕ್ ಹಿಡಿಸಿ ಫೋಟೋ ತೆಗೆಸಬೇಡಿ. ಆ ಫೋಟೋ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುವಾಗ ಮಗು ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದ್ದೇನೆ.

ಲೆಕ್ಕದ_ಪುಸ್ತಕ
ಮೇಷ್ಟ್ರೇ, ಒಂದು ಸೇರಿಸುತ್ತೇನೆ. ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್ ಸ್ಕಾಲರ್‌ಶಿಪ್ ಮನೆಯಲ್ಲಿ ಕಷ್ಟ ಬಂದ ಮಕ್ಕಳನ್ನೂ ನೋಡುತ್ತದೆ, ಮೊದಲ ವರ್ಷವೇ ಆಗಬೇಕೆಂದಿಲ್ಲ. ಅಂಥ ಹುಡುಗರಿಗೆ ಅರ್ಜಿ ಹಾಕಲು ಹೇಳಿ.

ಇನ್ನು ದುಡ್ಡಿನ ವಿಷಯ. ಜರ್ಮನಿಯವರದ್ದು ಸುಲಭ. ಭಾರತದ ಪೌರರು ಹೊರದೇಶದಲ್ಲಿದ್ದು ತಮ್ಮ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರ ಹಣ ಹಾಗಲ್ಲ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಅದನ್ನು ತಗೊಳ್ಳಲು ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಅಂಥ ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು, ನೀವು ಟ್ರಸ್ಟ್ ಮಾಡಿಕೊಂಡರೂ, ಅದಕ್ಕೆ ದಾಟಿಸುವ ಹಾಗಿಲ್ಲ, 2020ರ ತಿದ್ದುಪಡಿಯಲ್ಲಿ ಅದನ್ನು ನಿಲ್ಲಿಸಿದ್ದಾರೆ. ಆದ್ದರಿಂದ ನಿಮ್ಮ ಗೆಳತಿ ನೋಂದಣಿ ಇರುವ ಸಂಸ್ಥೆಯೊಂದಕ್ಕೆ ತಾವೇ ನೇರವಾಗಿ ಕೊಡಲಿ, ಇಲ್ಲಿನ ಗುಂಪಿನ ಖಾತೆಗೆ ಬೇಡ. ಅವರು ವಾರಕ್ಕೊಂದು ಗಂಟೆ ಮಕ್ಕಳಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸಲಿ, ಅದಕ್ಕೆ ಯಾವ ನೋಂದಣಿಯೂ ಬೇಡ.

ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ (ಹಳೆಯ ಕಾಯ್ದೆಯ 80ಜಿ) ಬೇಕು ಅನ್ನುವವರು ಅದಕ್ಕೆ ನೋಂದಣಿ ಪಡೆದ ಟ್ರಸ್ಟ್ ಮೂಲಕವೇ ಕೊಡಬೇಕು. ಮಗುವಿನ ಖಾತೆಗೆ ನೇರ ಹಾಕಿದರೆ ಅದು ಸಿಗುವುದಿಲ್ಲ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಇಲ್ಲ. ಓದಿನ ಖರ್ಚಿಗೆ ಕೊಟ್ಟ ಸ್ಕಾಲರ್‌ಶಿಪ್‌ಗೆ ಮಗು ತೆರಿಗೆ ಕಟ್ಟಬೇಕಿಲ್ಲ, ಆ ಭಯ ಬೇಡ.

ಹಳೇಬ್ಯಾಚ್_2006
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತುಂಗೆಯ ತೀರ, ನಿಮ್ಮ ಮಾತನ್ನು ನಮ್ಮ ಗುಂಪಿಗೆ ಹಾಗೇ ಕಳಿಸಿದೆ, ಅಂಕ ಅಂಕ ಅನ್ನುತ್ತಿದ್ದವರೂ ಸುಮ್ಮನಾದರು. ಒಬ್ಬರು ಕೇಳುತ್ತಿದ್ದಾರೆ, ಇಂಟರ್ನ್‌ಶಿಪ್ ದುಡ್ಡನ್ನು ಬಡ್ಡಿ ಇಲ್ಲದ ಸಾಲ ಅಂತ ಕೊಟ್ಟರೆ ಮುಂದಿನವರಿಗೆ ಉಳಿಯುತ್ತದೆ ಅಲ್ವಾ?

ಬೆಳವಡಿ_ಓದುಗ
ಸಾಲ ಬೇಡ್ರಿ. ನಮ್ಮ ಕಡೆ ಸಿರಸಂಗಿಯ ದೇಸಾಯಿಯಾಗಿದ್ದ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ಟ್ರಸ್ಟಿನ ಹೆಸರು ಇವತ್ತಿಗೂ ಬೆಳಗಾವಿ ಕಡೆ ಮನೆಮಾತು. ಓದಿ ಮೇಲೆ ಬಂದವನು ತಾನಾಗಿ ಕೊಡುತ್ತಾನೆ, ಕೊಡದಿದ್ದರೂ ನಡೆಯುತ್ತದೆ. ಆದರೆ ಕೆಲಸ ಸಿಗುವ ಮೊದಲೇ ತಲೆ ಮೇಲೆ ಸಾಲ ಅಂದರೆ ಹುಡುಗರು ಅರ್ಜಿಯನ್ನೇ ಹಾಕೋದಿಲ್ಲ. ಅದೂ ಹುಡುಗಿಯರ ಮನೆಯಲ್ಲಿ "ಸಾಲ ಮಾಡಿ ಬೆಂಗಳೂರಿಗೆ ಯಾಕೆ" ಅನ್ನೋ ಮಾತು ಮೊದಲು ಬರ್ತದೆ.

ತುಂಗೆಯ_ತೀರ
ಹೌದು. ಮತ್ತೆ ಸರ್, ಹೊರಡೋ 15 ದಿನ ಮೊದಲೇ ದುಡ್ಡು ಖಾತೆಗೆ ಬರಲಿ. ಬಿಲ್ ಕೊಡಿ, ಆಮೇಲೆ ಕೊಡುತ್ತೇವೆ ಅಂದರೆ ಬಿಲ್ ಕಟ್ಟಲು ಮತ್ತೆ ಸಾಲವೇ ಮಾಡಬೇಕು.

ಹಳೇಬ್ಯಾಚ್_2006
ಸರಿ, ಒಪ್ಪಿದೆ. ನಿನ್ನೆ ರಾತ್ರಿ ಎಲ್ಲರೂ ಫೋನಿನಲ್ಲಿ ಮಾತಾಡಿದೆವು. ಇಂಟರ್ನ್‌ಶಿಪ್‌ಗೆ ಹೋಗುವ 10 ಮಕ್ಕಳಿಗೆ ತಲಾ 25,000, ವಾಪಸ್ ಕೇಳುವುದಿಲ್ಲ. ಉಳಿದ 1.5 ಲಕ್ಷ ಮಧ್ಯದಲ್ಲಿ ಕಷ್ಟಕ್ಕೆ ಸಿಕ್ಕವರಿಗೆ, ಅದಕ್ಕೆ ಕೊನೆಯ ದಿನಾಂಕ ಇಲ್ಲ. ಸೋಮವಾರ ವಾರ್ಡನ್ ಅವರನ್ನು ನೋಡಲು ಕಾಲೇಜಿಗೆ ಹೋಗುತ್ತಿದ್ದೇನೆ. ತುಂಗೆಯ ತೀರ, ನಿಮ್ಮ ರೂಮ್‌ಮೇಟ್ ಇನ್ನೂ ಕೆಲಸ ಹುಡುಕುತ್ತಿದ್ದರೆ ಅವರ ರೆಸ್ಯೂಮೆ ನನಗೆ ಮೆಸೇಜ್ ಮಾಡಲು ಹೇಳಿ. ನಮ್ಮಲ್ಲಿ ನಾಲ್ಕು ಜನ ಸಾಫ್ಟ್‌ವೇರ್‌ನಲ್ಲೇ ಇದ್ದಾರೆ.