ಪುಟ್ಟಿ, ಆ ಕ್ಲೆಮಟಿಸ್ ಬಳ್ಳಿಗಳನ್ನ ಕೀಳ್ಬೇಡ

ಪುಟ್ಟಿ, ದೊಡ್ಡಮ್ಮ ಕಣೇ. ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ ಎರಡು ಫೋಟೋನೂ ನೋಡ್ದೆ. ಇದನ್ನೆಲ್ಲ ಟೈಪ್ ಮಾಡ್ತಾ ಕೂರೋಕಾಗಲ್ಲ, ಅದಕ್ಕೇ ಮಾತಾಡ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳು. ಒಂದು ಹೂ ಬಿಡ್ಲಿಲ್ಲ, ಇನ್ನೊಂದು ಬಾಡ್ತು, ಶನಿವಾರ ಎರಡೂ ಕ್ಲೆಮಟಿಸ್ ಹೂಬಳ್ಳಿ ಕಿತ್ತು ಹಾಕ್ತೀನಿ, ಬೇರೆ ಏನಾದ್ರೂ ನೆಡ್ತೀನಿ ಅಂದ್ಯಲ್ಲ, ಮಾರಾಯ್ತಿ, ದಯವಿಟ್ಟು ಹಾಗೆ ಮಾಡ್ಬೇಡ. ಬೇಲಿ ಮೇಲಿರೋದು ಸತ್ತೇ ಇಲ್ಲ. ಇನ್ನೊಂದೂ ಸತ್ತಿರಲಿಕ್ಕಿಲ್ಲ.

ಮೊದ್ಲು ಬೇಲಿ ಮೇಲಿರೋ ಹಳೇದು. ಹೋದ ವರ್ಷ ಮೇ ತಿಂಗಳಲ್ಲಿ ನೀವು ಆ ಮನೆ ನೋಡೋಕೆ ಹೋದಾಗ ಬೇಲಿ ತುಂಬಾ ತಿಳಿ ಗುಲಾಬಿ ಹೂವು ಅಂತ ನೀನೇ ಇಲ್ಲಿ ಫೋಟೋ ಹಾಕಿದ್ದೆ. ನಾಲ್ಕು ನಾಲ್ಕು ಎಸಳು, ಹತ್ತಿರ ಹೋದ್ರೆ ವೆನಿಲಾ ಥರ ವಾಸನೆ ಅಂತಿದ್ದೆ. ಅದು ಮಾಂಟಾನಾ ಅನ್ನೋ ಜಾತಿಯ ಕ್ಲೆಮಟಿಸ್. ಹಿಮಾಲಯದ ಬಳ್ಳಿ ಕಣೇ, ನಮ್ಮ ಕಡೆಯಿಂದಲೇ ಹೋಗಿದ್ದು. ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟ್ ಇದ್ದನಲ್ಲ, ಅವನ ಹೆಂಡತಿ ಲೇಡಿ ಆಮ್ಹರ್ಸ್ಟ್ 1831ರಲ್ಲಿ ಇದನ್ನ ಬ್ರಿಟನ್ನಿಗೆ ತಂದಿದ್ದು. ಹಿಮದ ನಾಡಲ್ಲೇ ಹುಟ್ಟಿದ್ದು ಅದು, ನಿನ್ನ ಸ್ಕಾಟ್ಲೆಂಡಿನ ಅಬರ್ಡೀನ್ ಚಳಿಗೆಲ್ಲ ಸಾಯೋದಲ್ಲ.

ಮತ್ತೆ ಈ ಸಲ ಯಾಕೆ ಒಂದೂ ಹೂವಿಲ್ಲ? ಫೆಬ್ರವರಿಲಿ ಯಾವುದೋ ವಿಡಿಯೋ ನೋಡಿ ನೆಲದಿಂದ ಒಂದಡಿ ಬಿಟ್ಟು ಎಲ್ಲಾ ಸವರಿದೆ ಅಂದ್ಯಲ್ಲ, ಅದಕ್ಕೇ. ಮಾಂಟಾನಾ ಹೂ ಬಿಡೋದು ಹಿಂದಿನ ವರ್ಷ ಬೆಳೆದ ಕಡ್ಡಿ ಮೇಲೆ. ಹೋದ ಬೇಸಗೆಲಿ ಬೆಳೆದ ಕಡ್ಡಿ ಮೊಗ್ಗಿನ ಕಣ್ಣು ಕಟ್ಕೊಂಡು ಚಳಿಗಾಲ ಕಳೆಯೋದನ್ನ ಕಾಯ್ತಾ ಇರತ್ತೆ. ಫೆಬ್ರವರಿಲಿ ನೀನು ತೆಗೆದಿದ್ದು ಆ ಕಣ್ಣುಗಳನ್ನೇ. ಅಜ್ಜನ ಮನೇಲಿ ಕಾಫಿ ಗಿಡಕ್ಕೆ ಕಸಿ ಮಾಡೋದು, ಅಂದ್ರೆ ಕಡ್ಡಿ ಸವರೋದು, ನೋಡಿದೀಯಲ್ಲ, ಮುಂದಿನ ಫಸಲು ಯಾವ ಕಡ್ಡಿಲಿ ಬರತ್ತೆ ಅಂತ ನೋಡೇ ಕತ್ತರಿ ಹಾಕ್ತಿದ್ರು. ಇದೂ ಅದೇ ಲೆಕ್ಕ. ಈಗ ಚಿಗುರಿರೋ ಕಡ್ಡಿ ಇದೆಯಲ್ಲ, ಅದರಲ್ಲೇ ಬರೋ ಮೇ ತಿಂಗಳ ಹೂವು. ಅದನ್ನ ಮುಟ್ಟಬೇಡ. ಮೇಲಕ್ಕೇ ಓಡ್ತಿದ್ರೆ ಬೇಲಿ ಉದ್ದಕ್ಕೆ ಅಡ್ಡಡ್ಡ ಬಗ್ಗಿಸಿ ದಾರದಲ್ಲಿ ಸಡಿಲವಾಗಿ ಕಟ್ಟು. ಬರೋ ವರ್ಷ ಹೂವು ಮುಗಿದ ಕೂಡಲೇ, ಜೂನ್ ಹೊತ್ತಿಗೆ, ಜಾಗ ಮೀರಿ ಹೋಗಿದ್ದನ್ನ ಮಾತ್ರ ಸವರು.

ವಿಡಿಯೋದವರು ಹೇಳಿದ್ದು ಸುಳ್ಳಲ್ಲ, ಅವರು ಹೇಳಿದ್ದು ಬೇರೆ ಜಾತಿಗೆ. ನೀನು ಹೊಸದಾಗಿ ತಂದ ನೇರಳೆ ಬಣ್ಣದ್ದು, ಚೀಟಿ ಮೇಲೆ ಜಾಕ್‌ಮನಿ ಅಂತಿದೆಯಲ್ಲ, ಅಂಥದ್ದಕ್ಕೆ. ಅದು ಹೂ ಬಿಡೋದು ಆ ವರ್ಷದ್ದೇ ಹೊಸ ಚಿಗುರಲ್ಲಿ, ಜುಲೈ ಆದ್ಮೇಲೆ. ಅದನ್ನ ಫೆಬ್ರವರಿ, ಮಾರ್ಚಲ್ಲಿ ನೆಲದಿಂದ 30 ಸೆಂಟಿಮೀಟರ್ ಬಿಟ್ಟು, ಒಂದು ಜೊತೆ ದಪ್ಪ ಕಣ್ಣು ನೋಡಿ ಅದರ ಮೇಲಕ್ಕೆ ಧೈರ್ಯವಾಗಿ ಕತ್ತರಿಸಬೇಕು. ಇವೆರಡರ ನಡುವೆ ಇನ್ನೊಂದು ಜಾತಿ ಇದೆ, ಮೇ-ಜೂನಲ್ಲಿ ತಟ್ಟೆಯಷ್ಟು ದೊಡ್ಡ ಹೂವು ಬಿಟ್ಟು, ಬೇಸಗೆ ಕೊನೇಲಿ ಮತ್ತೆ ನಾಲ್ಕು ಬಿಡೋದು. ಅದಕ್ಕೆ ಒಣಗಿದ್ದು, ಸೊರಗಿದ್ದು ತೆಗೆದ್ರೆ ಸಾಕು. ಹೆಸರು ಗೊತ್ತಿಲ್ಲದ ಬಳ್ಳಿ ಸಿಕ್ರೆ ಒಂದು ವರ್ಷ ಸುಮ್ನೆ ನೋಡು. ಹೂವು ಯಾವ ತಿಂಗಳು ಬರತ್ತೆ ಅಂತ ಗೊತ್ತಾದ್ಮೇಲೆ ಕತ್ತರಿ ಹಿಡಿ.

ಈಗ ಆ ಜಾಕ್‌ಮನಿ ವಿಷಯ. ಮೊಗ್ಗು ಬಂದಿತ್ತು, ರಾತ್ರಿ ಬೆಳಗಾಗೋದ್ರೊಳಗೆ ಜೋತುಬಿತ್ತು, ನೀರು ಹಾಕಿದ್ರೂ ಏಳ್ಲಿಲ್ಲ ಅಂದೆ. ಫೋಟೋ ದೊಡ್ಡದು ಮಾಡಿ ನೋಡ್ದೆ, ಎಲೆ ತೊಟ್ಟು ಕಪ್ಪಾಗಿದೆ. ನೀರಿಲ್ಲದೆ ಬಾಡಿದ್ರೆ ನೀರು ಹಾಕಿದ್ಮೇಲೆ ಚೇತರಿಸ್ಕೊಳ್ಳತ್ತೆ. ಇದು ಬಾಡು ರೋಗ, ಇಲ್ಲಿಯವರು ಕ್ಲೆಮಟಿಸ್ ವಿಲ್ಟ್ ಅಂತಾರೆ, ಒಂದು ಶಿಲೀಂಧ್ರದಿಂದ ಬರೋದು. ದೊಡ್ಡ ಹೂವಿನ ಜಾತಿಗಳಿಗೇ ಇದರ ಕಾಟ, ಮಾಂಟಾನಾಗೆ ಬರೋದು ಅಪರೂಪ. ಶಿಲೀಂಧ್ರ ಕೊಲ್ಲೋದು ಮೇಲಿನ ಕಾಂಡವನ್ನ. ಬೇರಿಗೆ ಸಾಮಾನ್ಯವಾಗಿ ಏನೂ ಆಗಿರಲ್ಲ.

ಇದು ನಾನು ಅನುಭವಿಸಿ ಕಲಿತಿದ್ದು ಪುಟ್ಟಿ. ಇಂಗ್ಲೆಂಡಿನ ಈ ಲೀಡ್ಸಿಗೆ ಬಂದ ಮೊದಲ ವರ್ಷ, ನಿನಗಾಗ ನಾಲ್ಕು ವರ್ಷ ಇರಬೇಕು, ನಾನು ಇಲ್ಲಿ ನೆಟ್ಟ ಮೊದಲ ಗಿಡಾನೇ ಒಂದು ಕ್ಲೆಮಟಿಸ್. ಇದೇ ಥರ ಒಂದೇ ರಾತ್ರಿಗೆ ಕಪ್ಪಾಯ್ತು. ಒಂದು ತಿಂಗಳು ಕಾದೆ. ಜುಲೈಲಿ ಅಗೆದು ಎತ್ತಿದ್ರೆ, ಬುಡದಲ್ಲಿ, ಮಣ್ಣೊಳಗೆ, ಬೆರಳುದ್ದದ ಬಿಳೀ ಮೊಳಕೆ. ಇನ್ನೊಂದು ವಾರ ಬಿಟ್ಟಿದ್ರೆ ಮೇಲೆ ಬರ್ತಿತ್ತು. ಗುದ್ದಲಿ ತಾಗಿ ಅದು ಮುರಿದೇ ಹೋಗಿತ್ತು. ಆವತ್ತು ಹಿತ್ತಲಲ್ಲಿ ಕೂತು ಅತ್ತಿದ್ದೆ, ಹೊಸ ಊರು, ಯಾರೂ ಪರಿಚಯ ಇರಲಿಲ್ಲ. ಪಕ್ಕದ ಮನೆ ಅಜ್ಜಿ ಬೇಲಿ ಆಚೆಯಿಂದ ನೋಡಿ ಬಂದು, ಅದನ್ನೇ ಮತ್ತೆ ಆಳಕ್ಕೆ ನೆಡಿಸಿದ್ರು. ಎರಡು ವರ್ಷಕ್ಕೆ ಹೂ ಬಿಡ್ತು. ಈಗಲೂ ಇದೆ ಅದು, ನೀನು ಇಲ್ಲಿಗೆ ಬಂದಾಗ ಅಡುಗೆಮನೆ ಕಿಟಕಿ ಪಕ್ಕ ನೋಡಿದೀಯ.

ಅದಕ್ಕೇ ಹೇಳ್ತಿದೀನಿ, ಈಗ ಹೀಗ್ ಮಾಡು. ಬಾಡಿದ ಕಾಂಡವನ್ನ ಕತ್ತರಿಸಿ ನೋಡು, ಒಳಗೆ ಕಂದು, ಕಪ್ಪು ಕಲೆ ಇದ್ರೆ ಇನ್ನೂ ಕೆಳಗೆ ಕತ್ತರಿಸು. ಶುದ್ಧ ಹಸಿರು ಕಾಣೋವರೆಗೂ, ಬೇಕಾದ್ರೆ ಮಣ್ಣಿನ ಮಟ್ಟದವರೆಗೂ. ಕತ್ತರಿಸಿದ್ದನ್ನ, ಉದುರಿದ ಎಲೆಯನ್ನ ಗೊಬ್ಬರದ ಗುಂಡಿಗೆ ಹಾಕ್ಬೇಡ, ಕಸಕ್ಕೆ ಹಾಕು. ಕತ್ತರಿ ಬಿಸಿನೀರು, ಸೋಪಲ್ಲಿ ತೊಳಿ. ಕೈಗೆ ಗ್ಲೌಸ್ ಹಾಕ್ಕೋ, ಇದರ ರಸ ತಾಗಿದ್ರೆ ಕೆಲವರಿಗೆ ಚರ್ಮ ಉರಿಯತ್ತೆ, ಮಗು ಬಾಯಿಗೆ ಹಾಕ್ಕೊಳ್ಳದ ಹಾಗೆ ನೋಡ್ಕೋ. ಆಮೇಲೆ ಬುಡಕ್ಕೆ ನೀರು ಹಾಕ್ತಾ ಬಿಟ್ಬಿಡು. ಈ ವರ್ಷ ಬರದಿದ್ರೂ ಬರೋ ವಸಂತದವರೆಗೆ ಜಾಗ ಕೆದಕಬೇಡ. ಹೊಸ ಮೊಳಕೆ ಬಂದಾಗ ಮಾತ್ರ ಗೊಂಡೆಹುಳುಗಳ ಮೇಲೆ ಕಣ್ಣಿಡು, ಚಿಪ್ಪಿಲ್ಲದ ಬಸವನಹುಳು, ಸ್ಲಗ್ ಅಂತಾರಲ್ಲ ಅದು. ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದ್ರೆ ಸಿಗತ್ತೆ, ಎಳೇ ಮೊಳಕೇನ ಒಂದೇ ರಾತ್ರಿಲಿ ಮುಗಿಸತ್ತೆ ಅದು.

ನೆಡುವಾಗ ಕುಂಡದಲ್ಲಿದ್ದ ಮಟ್ಟಕ್ಕೇ ನೆಟ್ಟೆ ಅಂತ ಕಾಣತ್ತೆ ಫೋಟೋದಲ್ಲಿ, ಬೇರಿನ ಮೇಲ್ಭಾಗ ಮಣ್ಣಿನ ಸಮಕ್ಕಿದೆ. ಬೇರೆ ಎಲ್ಲಾ ಗಿಡಕ್ಕೂ ಅದೇ ಸರಿ, ದೊಡ್ಡ ಹೂವಿನ ಕ್ಲೆಮಟಿಸಿಗೆ ಮಾತ್ರ ಅಲ್ಲ. ಬೇರಿನ ಗಡ್ಡೆ ಮಣ್ಣಿನಿಂದ 6 ಸೆಂಟಿಮೀಟರಾದ್ರೂ ಕೆಳಗಿರಬೇಕು. ಕಾಂಡದ ಒಂದೆರಡು ಗಣ್ಣು ಮಣ್ಣಲ್ಲಿ ಹೂತಿದ್ರೆ, ಮೇಲಿನದೆಲ್ಲ ಹೋದ್ರೂ ಅಲ್ಲಿಂದ ಚಿಗುರತ್ತೆ. ಚಿಗುರು ಬಂತು ಅಂತಿಟ್ಕೋ, ಅಕ್ಟೋಬರಲ್ಲಿ ಎಲೆ ಉದುರಿದ ಮೇಲೆ ಮಣ್ಣು ಸಮೇತ ಎತ್ತಿ ಆಳಕ್ಕೆ ನೆಡು. ಗೋಡೆಗೆ ಅಂಟಿಸಿ ನೆಡಬೇಡ, ಗೋಡೆ ಬುಡಕ್ಕೆ ಮಳೆ ನೀರೇ ಬೀಳಲ್ಲ. ಒಂದೂವರೆ ಅಡಿ ಈಚೆ ನೆಟ್ಟು, ಕೋಲು ಕೊಟ್ಟು ಗೋಡೆ ಕಡೆ ವಾಲಿಸು. ತಲೆಗೆ ಬಿಸಿಲು, ಬುಡಕ್ಕೆ ನೆರಳು, ಇದಿಷ್ಟು ಸಿಕ್ರೆ ಅದಕ್ಕೆ ತೃಪ್ತಿ. ಬುಡದ ಮುಂದೆ ಯಾವುದಾದ್ರೂ ಗಿಡ್ಡ ಗಿಡ ಇದ್ರೆ ಆಯ್ತು.

ಇನ್ನೊಂದು, ನೀನು ಕೊಟ್ಟಿರೋ ಆ ದಪ್ಪ ಮರದ ಕಂಬ ಅದಕ್ಕೆ ಹಿಡಿಯೋಕೆ ಬರಲ್ಲ. ಮೆಣಸಿನ ಬಳ್ಳಿ ಗಣ್ಣಲ್ಲಿ ಬೇರು ಬಿಟ್ಟು ಅಡಿಕೆ ಮರ ಅಪ್ಪಿಕೊಳ್ಳತ್ತೆ, ಮಲ್ಲಿಗೆ ಕಾಂಡಾನೇ ಸುತ್ತತ್ತೆ. ಇದು ಹತ್ತೋದು ಎಲೆಯ ತೊಟ್ಟಲ್ಲಿ. ಆ ಪುಟ್ಟ ತೊಟ್ಟು ತಿರುಚಿ ಗಂಟು ಹಾಕ್ಕೊಳ್ಳತ್ತೆ, ನಿಧಾನವಾಗಿ ನೋಡು ಒಂದ್ಸಲ, ಎಷ್ಟು ಚೆಂದ. ಅದಕ್ಕೆ ಪೆನ್ಸಿಲಿಗಿಂತ ತೆಳ್ಳಗಿರೋ ಆಧಾರ ಬೇಕು. ಕಂಬಕ್ಕೆ ತಂತಿನೋ ಜಾಲರಿನೋ ಸುತ್ತು.

ನಿಮ್ಮಮ್ಮ ಕೆಳಗೆ ಬರ್ದಿದಾಳೆ, ಇದೆಲ್ಲ ಯಾಕೆ, ಮಲ್ಲಿಗೆ ಬಳ್ಳಿ ಹಾಕು ಅಂತ. ತಂಗೀ, ನನಗೂ ಆಸೆ ಕಣೇ. ಆದ್ರೆ ಶಂಕರಪುರ ಮಲ್ಲಿಗೆ, ಮೈಸೂರು ಮಲ್ಲಿಗೆ ಅಲ್ಲಿ ಹೊರಗಿಟ್ರೆ ಮೊದಲ ಹಿಮಕ್ಕೇ ಹೋಗತ್ತೆ, ಮನೆಯೊಳಗೆ ಕುಂಡದಲ್ಲೇ ಸಾಕಬೇಕು. ನಮ್ಮ ಜಾಜಿಯ ಹತ್ತಿರದ ನೆಂಟ ಒಂದಿದೆ, ಇಲ್ಲಿ ಸಮ್ಮರ್ ಜಾಸ್ಮಿನ್ ಅಂತ ಮಾರ್ತಾರೆ, ಚಳಿ ತಡೆಯತ್ತೆ, ಗಾಳಿ ಬಡಿಯದ ಬೆಚ್ಚಗಿನ ಗೋಡೆ ಸಿಕ್ರೆ ಹೂ ಬಿಡತ್ತೆ. ಪುಟ್ಟಿ ಮನೆಗೆ ಸಮುದ್ರದ ಗಾಳಿ ನೇರ ಬಡಿಯತ್ತೆ, ಅದಕ್ಕೇ ನನಗೆ ಧೈರ್ಯ ಇಲ್ಲ. ಇನ್ನೊಂದು ಬಳ್ಳಿ ಬೇಕೇ ಬೇಕು ಅಂದ್ರೆ ಆಲ್ಪೈನಾ ತಗೋ ಪುಟ್ಟಿ, ಅದೂ ಕ್ಲೆಮಟಿಸೇ, ಮೈನಸ್ 15 ತಡೆಯತ್ತೆ, ಏಪ್ರಿಲಲ್ಲೇ ನೀಲಿ ಗಂಟೆ ಹಾಗೆ ತಲೆ ಬಗ್ಗಿಸಿ ಹೂ ಬಿಡತ್ತೆ.

ಈಗ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರತ್ತಲ್ಲ, ಮಗು ಮಲಗಿದ ಮೇಲೆ ಹೊರಗೆ ಹೋಗಿ ಬೇಲಿ ಬಳ್ಳಿಯ ಬುಡದ ಫೋಟೋ ಒಂದು ತೆಗೆದು ಹಾಕು, ಪಕ್ಕದಲ್ಲಿ ನಿನ್ನ ಕೈ ಇಟ್ಟು. ಎಷ್ಟು ದಪ್ಪ ಇದೆ ನೋಡೋಣ. ನನ್ನ ಮಣಿಕಟ್ಟಿನಷ್ಟಿದ್ರೆ ಯಾರೋ ಇಪ್ಪತ್ತು ವರ್ಷ ಸಾಕಿದಾರೆ ಅದನ್ನ.