ಅಜ್ಜನ ನಾಟಕಕ್ಕೆ ಯಾರ ಅಪ್ಪಣೆ?

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ತಂಗಿ ಒಂದು ಪಿಡಿಎಫ್ ಹಾಕಿದಳು. ಅಜ್ಜ ಬರೆದ ಮಕ್ಕಳ ನಾಟಕಗಳು. 1954ರಲ್ಲಿ ಅಚ್ಚಾದದ್ದು, 64 ಪುಟ, ಬೆಲೆ 12 ಆಣೆ. ಊಟದ ಹೊತ್ತಿಗೆ ಗುಂಪು ಹೊತ್ತಿಕೊಂಡಿತ್ತು. ಶುಭೋದಯದ ಹೂಗಳನ್ನು ಬಿಟ್ಟು ಉಳಿದದ್ದನ್ನು ಇಳಿಸಿಟ್ಟಿದ್ದೇನೆ.

ತಂಗಿ: ಊರಿನ ಗ್ರಂಥಾಲಯದ ಹಳೆಯ ಕಪಾಟಿನಲ್ಲಿ ಸಿಕ್ಕಿತು. ಹುಳು ಕೊರೆದ ಒಂದೇ ತೂತು ಮುಖಪುಟದಿಂದ ಹಿಂಬದಿಯವರೆಗೂ ಇದೆ. ಡಿಸೆಂಬರಿನಲ್ಲಿ ನಮ್ಮ ಶಾಲೆಯ ಮಕ್ಕಳಿಂದ ಆಡಿಸುತ್ತೇನೆ. ಅಂತರ್ಜಾಲಕ್ಕೂ ಏರಿಸುತ್ತೇನೆ, ಬೇಕಾದವರು ಓದಲಿ.

ಅತ್ತೆ: ಯಾರನ್ನು ಕೇಳಿದೆ?

ತಂಗಿ: ಯಾರನ್ನು ಕೇಳಲಿ ಅತ್ತೆ? ಪ್ರಕಾಶಕರು ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ ಇದೆ.

ಅತ್ತೆ: ನಮ್ಮನ್ನು ಕೇಳು. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಪ್ರತಿ ಯುಗಾದಿಗೆ ಮುಂಚೆ ಆ ಪುಸ್ತಕದ ಹೆಸರಿನಲ್ಲಿ 40 ರೂಪಾಯಿ ಮನಿಯಾರ್ಡರ್ ಬರುತ್ತಿತ್ತು. ನನ್ನ ಲಂಗದ ಬಟ್ಟೆ ಅದರಲ್ಲೇ. 1974ರಲ್ಲಿ ನಿಂತಿತು.

ಭಾವ: ಕಾನೂನಿನಲ್ಲಿ ಅತ್ತೆಯವರ ಮಾತು ಸರಿ. ಅಜ್ಜ ಹೋದದ್ದು 1968ರಲ್ಲಿ. ಮರುವರ್ಷದ ಜನವರಿಯಿಂದ ಎಣಿಸಿ 60 ವರ್ಷ, ಅಂದರೆ 2028ರ ಕೊನೆಯವರೆಗೆ ಪುಸ್ತಕದ ಕಾಪಿರೈಟ್ ಹಕ್ಕು ವಾರಸುದಾರರದು. ಶಾಲೆಯವರು, ಮಕ್ಕಳು, ಪೋಷಕರಷ್ಟೇ ಕೂತು ನೋಡುವುದಾದರೆ ನಾಟಕ ಆಡಲು ಅಡ್ಡಿಯಿಲ್ಲ. ಅಂತರ್ಜಾಲಕ್ಕೆ ಏರಿಸಲು ಮಾತ್ರ ಅಪ್ಪಣೆ ಬೇಕು.

(ಭಾವ ವಕೀಲರು. ಶುಲ್ಕವಿಲ್ಲದೆ ಇಷ್ಟು ಹೇಳಿದ್ದೇ ಹೆಚ್ಚು.)

ದೊಡ್ಡಪ್ಪ: ಮೊದಲು 50 ವರ್ಷವೇ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ, ಅವರ ಹಕ್ಕು 1991ಕ್ಕೆ ಮುಗಿಯುವುದಿತ್ತು. ಅವರೇ ಕಟ್ಟಿದ ವಿಶ್ವಭಾರತಿಯ ಕೈತಪ್ಪಬಾರದೆಂದು ಸರ್ಕಾರ ಎಲ್ಲರ ಲೆಕ್ಕಕ್ಕೂ ಹತ್ತು ವರ್ಷ ಸೇರಿಸಿತು. ಅವರಿಗೇನೋ ದುಡ್ಡು ಬಂತು. ನಮ್ಮಪ್ಪನ 12 ಆಣೆ ಪುಸ್ತಕಕ್ಕೆ ಸಿಕ್ಕಿದ್ದು ಇನ್ನೂ ಹತ್ತು ವರ್ಷದ ಗೆದ್ದಲು.

ಅತ್ತೆ: ಬರೆಯುವವರ ಮನೆಯಲ್ಲಿ ಒಲೆ ಉರಿಯುವುದು ಬೇಡವೇ ಅಣ್ಣ? ತ್ರಿವೇಣಿ 34ಕ್ಕೇ ಹೋದರು. ಅಂಥವರ ಮನೆಗೆ ಏನೂ ಸೇರಬಾರದೇ?

ನಾನು: ಸೇರಲಿ ಅತ್ತೆ. ತ್ರಿವೇಣಿ ಹೋದದ್ದು 1963ರಲ್ಲಿ, ಗೋವಿಂದ ಪೈಗಳೂ ಅದೇ ವರ್ಷ. ಇಬ್ಬರ ಬರಹವೂ 2024ರ ಜನವರಿ 1ರಿಂದ ಎಲ್ಲರದಾಗಿದೆ. ಅವರನ್ನು ಓದುವವರಿದ್ದರು, ಹಾಗಾಗಿ ಪುಸ್ತಕ ಉಳಿಯಿತು. ಅಜ್ಜನ ಪುಸ್ತಕ ಒಂದು ಕಪಾಟಿನಲ್ಲಿ ಒಂದೇ ಪ್ರತಿ ಉಳಿದಿದೆ. ವರ್ಷ ಎಷ್ಟು ಎನ್ನುವುದಕ್ಕಿಂತ, ಬೇಕೆಂದು ಯಾರೂ ಬಾಯಿಬಿಡದಿದ್ದರೂ ಹಕ್ಕು ತಾನಾಗಿ ನಡೆದುಕೊಂಡು ಹೋಗುತ್ತದಲ್ಲ, ನನ್ನ ತಕರಾರು ಅದಕ್ಕೆ. 1710ರ ಇಂಗ್ಲೆಂಡಿನ ಕಾಯಿದೆಯಲ್ಲಿ ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14. ಅಮೆರಿಕದಲ್ಲಿ ಬಹುಕಾಲ 28 ವರ್ಷ ಆದ ಮೇಲೆ ಹಕ್ಕು ಮುಂದುವರಿಯಬೇಕಾದರೆ ಅರ್ಜಿ ಹಾಕಬೇಕಿತ್ತು. ಬಹುಪಾಲು ಪುಸ್ತಕಗಳಿಗೆ ಯಾರೂ ಹಾಕಲಿಲ್ಲ. ಮನಿಯಾರ್ಡರ್ ಬರುತ್ತಿದ್ದಷ್ಟು ಕಾಲ ಅಜ್ಜಿ ಖಂಡಿತ ಹಾಕುತ್ತಿದ್ದರು. ಆಮೇಲೆ?

ಭಾವ: ಕಾಪಿರೈಟ್ ಬಗ್ಗೆ ದೇಶದೇಶಗಳ ನಡುವೆ ಬರ್ನ್ ಒಪ್ಪಂದ ಇದೆ. ಹೊರದೇಶದವರ ಕೃತಿಗೆ ಅಂಥ ಷರತ್ತು ಹಾಕುವಂತಿಲ್ಲ.

ನಾನು: ನಮ್ಮವರ ಕೃತಿಗೆ?

ಭಾವ: ಹಾಕಬಹುದು. ಹೊರಗಿನವರಿಗೆ ಇಲ್ಲದ ಅಲೆದಾಟ ನಮಗೇಕೆ ಎಂದು ನಮ್ಮ ಲೇಖಕರು ಕೇಳುತ್ತಾರೆ. ಕೇಳಿದರೆ ತಪ್ಪೂ ಅಲ್ಲ.

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಕೈ ಹಾಕಿದರು.

ದೊಡ್ಡಪ್ಪ: ದಿನಾ ಬೆಳಿಗ್ಗೆ ನಿಮ್ಮ ಅತ್ತೆ ಇಲ್ಲಿಗೊಂದು ಕಗ್ಗ ಕಳಿಸುತ್ತಾಳೆ. ಡಿವಿಜಿ ಹೋದದ್ದು 1975ರಲ್ಲಿ. ಲೆಕ್ಕ ಹಾಕಿ.

ಭಾವ: 2035ರ ಕೊನೆಯವರೆಗೆ.

ದೊಡ್ಡಪ್ಪ: ಯಾರನ್ನು ಕೇಳಿ ಕಳಿಸುತ್ತಿದ್ದಾಳಂತೆ?

ಅತ್ತೆ: ಕಗ್ಗ ಬಾಯಲ್ಲಿರುವುದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ.

ತಂಗಿ: ಅತ್ತೆ, ನಿರಂಜನರ ಮನೆಯವರು ಅವರ ಪುಸ್ತಕಗಳನ್ನು ಯಾರು ಬೇಕಾದರೂ ಬಳಸುವಂತೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಹೆಸರು ಅಜ್ಜನದೇ ಇರುತ್ತದೆ. ನಾವೂ ಹಾಗೆ ಕೊಡಬಹುದಲ್ಲ?

ಅಮೆರಿಕದಲ್ಲಿರುವ ಚಿಕ್ಕಪ್ಪ ಅಲ್ಲಿಂದಲೇ ಒಂದು ಹೆಬ್ಬೆರಳು ಎತ್ತಿ ತೋರಿಸಿದರು.

ಭಾವ: ಹೆಬ್ಬೆರಳು ಸಾಲದು. ಬರಹದಲ್ಲಿ ಬೇಕು. ದೊಡ್ಡಪ್ಪ, ಅತ್ತೆ, ಚಿಕ್ಕಪ್ಪ, ಜೊತೆಗೆ ತೀರಿಹೋದ ಮಾವನವರ ಪಾಲಿಗೆ ನೀವು ಮೂವರು, ತಾಯಿ ಮತ್ತು ಮಕ್ಕಳು. ಒಬ್ಬರು ಒಲ್ಲೆ ಎಂದರೂ ಕೆಲಸ ನಿಲ್ಲುತ್ತದೆ.

ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಆರಕ್ಕೆ ಅತ್ತೆಯ ಸಂದೇಶ ಬಂತು.

ಅತ್ತೆ: ನಿನ್ನ ಪಿಡಿಎಫ್‌ನಲ್ಲಿ 31, 32ನೆಯ ಪುಟ ಇಲ್ಲ. ನೋಡಲೇ ಇಲ್ಲವೇ? ನರಿ ಬಾವಿಗೆ ಬೀಳುವುದು ಅಲ್ಲೇ. ಅದಿಲ್ಲದೆ ಮಕ್ಕಳು ಏನು ಆಡುತ್ತಾರೆ?

ಹಿಂದೆಯೇ ಎರಡು ಫೋಟೋ ಬಂದವು. ಪುಟದ ಅಂಚಿನಲ್ಲಿ ನೇರಳೆ ಶಾಯಿಯ ತಿದ್ದುಪಡಿ, ಅಜ್ಜನ ಅಕ್ಷರ. ಇಷ್ಟು ವರ್ಷ ಅತ್ತೆಯ ಹತ್ತಿರ ಒಂದು ಪ್ರತಿ ಇತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ತಂಗಿ: ಎರಡನೆಯದರಲ್ಲಿ ನಿಮ್ಮ ಹೆಬ್ಬೆರಳು ಬಂದಿದೆ ಅತ್ತೆ. ಕೊನೆಯ ಸಾಲು ಕಾಣುವುದಿಲ್ಲ.

ಅತ್ತೆ: ನಾಳೆ ಬೆಳಕಿನಲ್ಲಿ ತೆಗೆದು ಕಳಿಸುತ್ತೇನೆ. ಅಪ್ಪಣೆ ಕೊಟ್ಟೆ ಎಂದುಕೊಳ್ಳಬೇಡ.