ಸಹಾಯ ಬೇಕು: ಸಾವನದುರ್ಗದಲ್ಲಿ ಜಿಯೋಕ್ಯಾಶ್‌ಗೆ ಹೋಗೋ ದಾರಿ ಸಿಗ್ತಿಲ್ಲ

ಎಲ್ರಿಗೂ ನಮಸ್ಕಾರ, ಮಾಗಡಿ ಹತ್ರ ಸಾವನದುರ್ಗದ ಕರಿಗುಡ್ಡ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದೀರಾ? ಅಲ್ಲಿ ಮೇಲ್ಗಡೆ ಇರೋ ಒಂದು ಜಿಯೋಕ್ಯಾಶ್ (ಜಿಪಿಎಸ್ ಹಿಡ್ಕೊಂಡು ಹುಡುಕೋ ಆಟಕ್ಕೆ ಯಾರೋ ಬಚ್ಚಿಟ್ಟಿರೋ ಡಬ್ಬಿ) ಹುಡುಕ್ತಿದೀನಿ, ಟೆರೇನ್ ರೇಟಿಂಗ್, ಅಂದ್ರೆ ದಾರಿ ಎಷ್ಟು ಕಷ್ಟ ಅನ್ನೋದು, 5ಕ್ಕೆ 4 ಅಂತ ಹಾಕಿದಾರೆ, ಹತ್ತಿದ್ಮೇಲೆ ಅದು ಸರೀನೇ ಅನ್ಸ್ತು. ಬಂಡೆ ಮೇಲೆ ಬಳ್ದಿರೋ ಬಾಣದ ಗುರುತು ನೋಡ್ಕೊಂಡು ಹಳೇ ಕೋಟೆ ಗೋಡೆ ತನಕ ಹೋಗ್ಬೋದು, ಅಲ್ಲಿಂದ ಬಾಣ ನಂದಿ ಮಂಟಪದ ಕಡೆ ಹೋಗುತ್ತೆ ಆದ್ರೆ ಜಿಪಿಎಸ್ ಎಡಕ್ಕೆ ಪೊದೆ ಒಳಗೆ ತೋರ್ಸುತ್ತೆ, ಅಲ್ಲಿ ಕಾಲುದಾರಿ ಅನ್ನೋದೇ ಇಲ್ಲ, ಬರೀ ಲಂಟಾನ, ಅದು ದಾಟಿದ್ರೆ ಕಡಿದಾದ ಬಂಡೆ.

ಆಫ್‌ಲೈನ್ ಮ್ಯಾಪ್ ಹಾಕ್ಕೊಂಡು ನೋಡ್ದೆ, ಫ್ರೆಂಡ್ ಹತ್ರ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಇಸ್ಕೊಂಡು ಹೋದೆ, ದೊಡ್ಡ ಬಂಡೆ ಪಕ್ಕ ಸಿಗ್ನಲ್ ತಟ್ಟಿ ವಾಪಸ್ ಬರೋದ್ರಿಂದ ಪಾಯಿಂಟ್ ಒಂದು ಕಡೆ ನಿಲ್ಲಲ್ಲ. ಸುಳಿವಲ್ಲಿ ಗೋಡೆ ಮುಗಿಯೋ ಜಾಗ ಅಂತಷ್ಟೇ ಇದೆ, ಗೋಡೆ ನೋಡಿದ್ರೆ ಎರಡು ಕಡೆ ಮುರಿದು ನಿಂತಿದೆ, ಯಾವುದು ಅಂತ ಗೊತ್ತಾಗ್ತಿಲ್ಲ. ಕೋಟೆ ಕಲ್ಲು ಒಂದನ್ನೂ ಅಲ್ಲಾಡ್ಸೋಕೆ ನಂಗಿಷ್ಟ ಇಲ್ಲ, ಅದು ನಮ್ಮೆಲ್ಲರ ಆಸ್ತಿ.

ಡಬ್ಬಿ ಎಲ್ಲಿದೆ ಅಂತ ಹೇಳ್ಬೇಡಿ, ಇಷ್ಟು ಹೇಳಿ ಸಾಕು: ಗೋಡೆಯಿಂದ ಎಡಕ್ಕೆ ಸೇಫಾಗಿ ಹೋಗೋ ದಾರಿ ಇದ್ಯಾ, ಇಲ್ಲಾ ಮಂಟಪದ ತನಕ ಹತ್ತಿ ಮೇಲಿಂದ ಇಳೀಬೇಕಾ?